ಜೊಂಡಿನ ಹಳ್ಳದ ಊರು

ಕ್ಯಾಲಿಫೋರ್ನಿಯಾ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಹಾಲಿವುಡ್ಡಿನ ಚಲನಚಿತ್ರ, ಕಿತ್ತಲೆಯ ತೋಟ, ಸಾನ್ ಫ್ರಾನ್ಸಿಸ್ಕೋದ ದೊಡ್ಡ ಸೇತುವೆ. ಆದರೆ ಆ ಹೆಸರನ್ನು ಮೊತ್ತಮೊದಲು ಹೊತ್ತ ನೆಲ ಬೇರೆ. ಅಮೆರಿಕ ಸಂಯುಕ್ತ ಸಂಸ್ಥಾನಗಳ ದಕ್ಷಿಣದ ಗಡಿಯಿಂದ ಕೆಳಕ್ಕೆ, ಶಾಂತಸಾಗರದ ಅಂಚಿನಲ್ಲಿ, ಉದ್ದನೆಯ ಬೆರಳೊಂದನ್ನು ಚಾಚಿದಂತೆ ಒಂದು ಪರ್ಯಾಯ ದ್ವೀಪವಿದೆ. ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ನಾವಿಕರು ಕ್ಯಾಲಿಫೋರ್ನಿಯಾ ಎಂದು ಕರೆದದ್ದು ಇದನ್ನು. ಈಗ ಅದು ಮೆಕ್ಸಿಕೋ ದೇಶಕ್ಕೆ ಸೇರಿದೆ. ಬಾಹಾ ಕ್ಯಾಲಿಫೋರ್ನಿಯಾ, ಎಂದರೆ ಕೆಳಗಿನ ಕ್ಯಾಲಿಫೋರ್ನಿಯಾ, ಎಂದು ಅದಕ್ಕೆ ಹೆಸರು. ಸುಮಾರು ೧,೨೦೦ ಕಿಲೋಮೀಟರ್ ಉದ್ದ. ಎರಡು ಕಡೆಗೂ ಕಡಲು, ನಡುವೆ ಬೆಟ್ಟ, ಬೆಟ್ಟದ ಆಚೀಚೆ ಮರುಭೂಮಿ.

ಆ ಬೆರಳಿನ ನಡುಗೆಣ್ಣಿನಲ್ಲಿ ಸಾನ್ ಇಗ್ನಾಸಿಯೊ ಎಂಬ ಹಳ್ಳಿಯೊಂದಿದೆ. ಸಾವಿರದೊಳಗಿನ ಜನ, ಒಂದು ಪುಟ್ಟ ಹೊಳೆ, ಖರ್ಜೂರದ ತೋಪು, ಕಲ್ಲಿನ ದೊಡ್ಡದೊಂದು ಇಗರ್ಜಿ. ಈ ಹೊತ್ತು ನಿಮ್ಮನ್ನು ಅಲ್ಲಿಗೆ ಕರೆದೊಯ್ಯಬೇಕೆಂದಿದ್ದೇನೆ, ಅದೂ ಸೈಕಲ್ಲಿನ ಮೇಲೆ.

ಮೋಟಾರು ಇರುವಾಗ ಸೈಕಲ್ಲೇಕೆ ಎಂದು ನೀವು ಕೇಳಬಹುದು. ಮೋಟಾರಿನಲ್ಲಿ ಹೋಗುವವನಿಗೆ ಮರುಭೂಮಿ ಕಿಟಕಿಯಾಚೆಯ ಚಿತ್ರ. ಬಿಸಿಲು ಅವನನ್ನು ಮುಟ್ಟುವುದಿಲ್ಲ, ನೀರಿನ ಸೀಸೆ ಕೈಗೆಟಕುವಂತಿರುತ್ತದೆ. ಖರ್ಜೂರದ ಮರಗಳು ಕಂಡಾಗ 'ಚೆನ್ನಾಗಿದೆ' ಎಂದುಕೊಂಡು ಅವನು ಮುಂದಕ್ಕೆ ಹೋಗುತ್ತಾನೆ. ಕಾಲ್ನಡಿಗೆಯವನಿಗಾದರೋ ಈ ದಾರಿ ದೀರ್ಘವಾಯಿತು; ಒಂದು ನೀರಿನ ತಾವಿನಿಂದ ಮತ್ತೊಂದನ್ನು ತಲುಪುವುದೇ ಕಷ್ಟ. ಸೈಕಲ್ಲು ಇವೆರಡರ ನಡುವಿನದು. ಊರಿನಿಂದ ಊರಿಗೆ ಮುಟ್ಟಿಸುತ್ತದೆ, ಆದರೆ ಸುಲಭವಾಗಿ ಮುಟ್ಟಿಸುವುದಿಲ್ಲ. ಅದರ ಮೇಲೆ ಕುಳಿತು ಬಂದವನಿಗೆ ಈ ಹಳ್ಳಿ ಇಲ್ಲೇ ಏಕೆ ಹುಟ್ಟಿತೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವನ ಒಣಗಿದ ಗಂಟಲೇ ಹೇಳುತ್ತದೆ.

ಈ ಪರ್ಯಾಯ ದ್ವೀಪದ ಉದ್ದಕ್ಕೂ ಹೋಗುವ ಹೆದ್ದಾರಿ ಪೂರ್ಣವಾದದ್ದು ೧೯೭೩ರಲ್ಲಿ. ಉತ್ತರದ ತಿಹ್ವಾನಾದಿಂದ ದಕ್ಷಿಣದ ಕಾಬೋ ಸಾನ್ ಲೂಕಾಸಿನವರೆಗೆ ಅದರ ಉದ್ದ ೧,೭೧೧ ಕಿಲೋಮೀಟರ್. ಅದಕ್ಕೆ ಮೊದಲು ಇದ್ದುದು ಹೇಸರಗತ್ತೆಗಳೂ ಗಟ್ಟಿ ಗುಂಡಿಗೆಯ ಲಾರಿ ಚಾಲಕರೂ ಬಲ್ಲ ಜಾಡು ಮಾತ್ರ. ಹೆದ್ದಾರಿಯ ಮೇಲೆ ಸೈಕಲ್ಲಿನವರು ಹೋಗುವುದುಂಟು. ಆದರೆ ಬಹುಪಾಲು ದಾರಿಯಲ್ಲಿ ಅದರ ಅಂಚಿಗೆ ಜಾಗವೇ ಇಲ್ಲ. ಎದುರಿನಿಂದ ಒಂದು, ಹಿಂದಿನಿಂದ ಒಂದು ಲಾರಿ ಬಂದವೆಂದರೆ ಸೈಕಲ್ಲಿನವನು ಮರಳಿಗೆ ಇಳಿಯಲೇಬೇಕು. ಈ ತೊಂದರೆಗೆ ಪರಿಹಾರವೆಂಬಂತೆ ನಿಕೊಲಾಸ್ ಕಾರ್ಮನ್ ಮತ್ತು ಲೇಯಲ್ ವಿಲ್ಕಾಕ್ಸ್ ಎಂಬ ಇಬ್ಬರು ಅಮೆರಿಕನ್ ಸೈಕಲ್ ಪ್ರವಾಸಿಗಳು ೨೦೧೫-೧೬ರ ಚಳಿಗಾಲದಲ್ಲಿ ಹಳೆಯ ಮಣ್ಣುದಾರಿಗಳನ್ನು ಒಂದಕ್ಕೊಂದು ಗಂಟುಹಾಕಿ, ಸುಮಾರು ೨,೭೦೦ ಕಿಲೋಮೀಟರಿನ ಮಾರ್ಗವೊಂದನ್ನು ಗುರುತಿಸಿದರು. 'ಬಾಹಾ ಡಿವೈಡ್' ಎಂದು ಅದಕ್ಕೆ ಹೆಸರು. ಅದು ಬೆಟ್ಟ ಹತ್ತುತ್ತದೆ, ಕಡಲತೀರಕ್ಕೆ ಇಳಿಯುತ್ತದೆ, ಮತ್ತೆ ಹತ್ತುತ್ತದೆ; ನಡುವೆ ನಮ್ಮ ಸಾನ್ ಇಗ್ನಾಸಿಯೊವನ್ನೂ ಹಾಯ್ದು ಹೋಗುತ್ತದೆ.

ಹೊರಡುವ ಮೊದಲು ಸಿದ್ಧತೆಯ ಮಾತು ಒಂದೆರಡು. ಕಾಲ ಚಳಿಗಾಲವಾಗಿರಬೇಕು; ನವೆಂಬರಿನಿಂದ ಮಾರ್ಚಿಯೊಳಗೆ. ದಿಕ್ಕು ಉತ್ತರದಿಂದ ದಕ್ಷಿಣಕ್ಕಾಗಿರಬೇಕು, ಏಕೆಂದರೆ ಅಲ್ಲಿ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಗಾಳಿಯನ್ನು ಬೆನ್ನಿಗಿಟ್ಟುಕೊಂಡವನಿಗೆ ಅರ್ಧ ದಾರಿ ಉಳಿದಂತೆ. ನಮ್ಮ ಬೀದಿಯ ಸೈಕಲ್ಲಿನ ತೆಳ್ಳನೆಯ ಟೈರು ಅಲ್ಲಿ ನಡೆಯದು; ಮೂರಂಗುಲ ಅಗಲದ ಟೈರು ಬೇಕು. ಮರಳು ಬಂದಾಗ ಗಾಳಿಯನ್ನು ಸ್ವಲ್ಪ ಬಿಟ್ಟುಬಿಡಬೇಕು. ಆಗ ಟೈರು ಒಂಟೆಯ ಪಾದದಂತೆ ಅಗಲವಾಗಿ ಹರಡಿಕೊಂಡು ಮರಳಿನ ಮೇಲೆ ತೇಲುತ್ತದೆ. ಮುಳ್ಳಿನ ಕಾಟಕ್ಕೂ ಒಂದು ಉಪಾಯವಿದೆ. ಟ್ಯೂಬನ್ನೇ ತೆಗೆದುಹಾಕಿ, ಟೈರಿನೊಳಗೆ ಹಾಲಿನಂಥ ದ್ರವವೊಂದನ್ನು ಸುರಿದುಕೊಳ್ಳುತ್ತಾರೆ. ಮುಳ್ಳು ಚುಚ್ಚಿದೊಡನೆ ಅದು ತೂತಿಗೆ ನುಗ್ಗಿ ಹೆಪ್ಪುಗಟ್ಟಿ ಮುಚ್ಚಿಬಿಡುತ್ತದೆ. ಇವೆಲ್ಲಕ್ಕಿಂತ ಮುಖ್ಯವಾದುದು ನೀರು. ದೂರದ ಹಾದಿಗಳಲ್ಲಿ ಒಬ್ಬೊಬ್ಬರೂ ಹತ್ತು ಲೀಟರಿನವರೆಗೆ ಹೊತ್ತು ಸಾಗುತ್ತಾರೆ. ಹತ್ತು ಲೀಟರ್ ಎಂದರೆ ಹತ್ತು ಕಿಲೋಗ್ರಾಂ ತೂಕ. ಹಗುರ ಬೇಕೆಂದರೆ ಕುಡಿಯಬೇಕು, ಕುಡಿದರೆ ನಾಳೆಗಿಲ್ಲ. ಮರುಭೂಮಿಯ ಲೆಕ್ಕಾಚಾರವೆಲ್ಲ ಇಷ್ಟೇ.

ಈಗ ದಾರಿಗೆ ಬನ್ನಿರಿ. ಪಶ್ಚಿಮ ತೀರದ ಗೆರೇರೋ ನೇಗ್ರೋ ಎಂಬ ಉಪ್ಪಿನ ಪಟ್ಟಣವನ್ನು ಬಿಟ್ಟರೆ ಹೆದ್ದಾರಿಯಲ್ಲಿ ಸಾನ್ ಇಗ್ನಾಸಿಯೊಗೆ ಸುಮಾರು ೧೪೦ ಕಿಲೋಮೀಟರ್. ಇದು ವಿಸ್ಕಾಯಿನೊ ಮರುಭೂಮಿ. ನೆಲ ಚಪ್ಪಟೆ, ದಾರಿ ದಾರ ಹಿಡಿದು ಎಳೆದಂತೆ ನೇರ. ಯಾವ ಮರದ ನೆರಳೂ ಇಲ್ಲದ ಈ ಬಯಲಿನಲ್ಲಿ ಬೆಳೆಯುವ ಸಸ್ಯಗಳೇ ವಿಚಿತ್ರ. ಕಾರ್ದೋನ್ ಎಂಬ ಕಂಬಗಳ್ಳಿ ಹತ್ತು ಮೀಟರನ್ನೂ ಮೀರಿ ಬೆಳೆದು, ತೋಳುಗಳನ್ನು ಮೇಲೆತ್ತಿ ನಿಂತಿರುತ್ತದೆ. ಉತ್ತರದಿಂದ ಬರುವ ದಾರಿಯಲ್ಲಿ ಸಿರಿಯೊ ಎಂಬ ಮತ್ತೊಂದು ಗಿಡ ಕಾಣುತ್ತದೆ; ನೋಡಿದವರಿಗೆ ಯಾರೋ ಮೂಲಂಗಿಯನ್ನು ತಲೆಕೆಳಗಾಗಿ ನೆಟ್ಟಂತೆ ತೋರುತ್ತದೆ. ಸಿರಿಯೊ ಎಂದರೆ ಇಗರ್ಜಿಯಲ್ಲಿ ಹಚ್ಚುವ ಉದ್ದನೆಯ ಮೇಣದ ಬತ್ತಿ. ಸ್ಪೇನಿನವರ ಕಣ್ಣಿಗೆ ಅದು ಹಾಗೆ ಕಂಡಿತು. ದಿನವಿಡೀ ಪೆಡಲ್ ತುಳಿದರೂ ನೀವು ನಿಂತಲ್ಲೇ ಇರುವಂತೆಯೂ, ದೂರದ ಬೆಟ್ಟಗಳು ನಿಮ್ಮೊಡನೆ ಸರಿಯುತ್ತಿರುವಂತೆಯೂ ಭ್ರಮೆಯಾಗುತ್ತದೆ.

ಆಮೇಲೆ ಹೆದ್ದಾರಿಯಿಂದ ಒಂದು ಕವಲು ದಾರಿ ತಿರುಗುತ್ತದೆ. ಇಗೋ, ಬೂದು ಬಣ್ಣದ ಲೋಕದಲ್ಲಿ ಇದ್ದಕ್ಕಿದ್ದಂತೆ ಹಸಿರು. ಒಂದೆರಡು ಮರವಲ್ಲ, ಕಣಿವೆಯ ತುಂಬ ಸಾವಿರಾರು ಖರ್ಜೂರದ ಮರಗಳು. ಅವುಗಳ ನಡುವೆ ಮಡುಗಟ್ಟಿ ನಿಂತ ತಿಳಿನೀರು, ನೀರಿನ ಅಂಚಿಗೆ ಜೊಂಡು, ಜೊಂಡಿನಲ್ಲಿ ಹಕ್ಕಿಗಳ ಕಲರವ. ಬೆಟ್ಟದ ಕಡೆ ಬಿದ್ದ ಮಳೆಯ ನೀರು ಲಾವಾ ಕಲ್ಲಿನ ಬಿರುಕುಗಳಲ್ಲಿ ಇಂಗಿ, ನೆಲದಡಿಯಲ್ಲಿಯೇ ಹರಿದು ಬಂದು ಇಲ್ಲಿ ಬುಗ್ಗೆಯಾಗಿ ಮೇಲೇಳುತ್ತದೆ. ಹೊಳೆಯೆಂದರೆ ಕಾವೇರಿ, ತುಂಗೆಯರನ್ನು ಕಲ್ಪಿಸಿಕೊಳ್ಳಬೇಡಿರಿ. ನಮ್ಮಲ್ಲಿಯಾದರೆ ಇದಕ್ಕೆ ಹಳ್ಳವೆಂದು ಕರೆದು ಸುಮ್ಮನಾಗುತ್ತಿದ್ದೆವು. ಆದರೆ ಆ ಹಳ್ಳದ ಎರಡು ದಡಗಳನ್ನು ಬಿಟ್ಟು ನೂರು ಹೆಜ್ಜೆ ಹೋದರೆ ಮತ್ತೆ ಕಲ್ಲು, ಮತ್ತೆ ಕಳ್ಳಿ.

ಈ ನೀರನ್ನು ದಾಟಿ, ತೋಪಿನ ನೆರಳಿನಲ್ಲಿ ಎರಡು ಕಿಲೋಮೀಟರ್ ಹೋದರೆ ಊರಿನ ಚೌಕ. ಪ್ರಯಾಣಿಕನ ಕಾಲು ತಾನಾಗಿ ನಿಲ್ಲುವ ಜಾಗ ಅದು. ಚೌಕಕ್ಕೆ ನೆರಳು ಕೊಡುತ್ತಿರುವ ದೊಡ್ಡ ಮರಗಳನ್ನು ಅಲ್ಲಿನವರು 'ಲೌರೆಲ್ ದೆ ಲಾ ಇಂದಿಯಾ' ಎನ್ನುತ್ತಾರೆ, ಎಂದರೆ ಭಾರತದ ಲೌರೆಲ್. ನಮ್ಮ ಆಲ, ಅರಳಿ, ಅತ್ತಿಗಳ ಹತ್ತಿರದ ಬಂಧು ಅದು. ನಮ್ಮ ನಾಡಿನಲ್ಲಿಯೂ ಬೆಳೆಯುತ್ತದೆ. ಭೂಮಿಯ ಆ ಮಗ್ಗುಲಿನಲ್ಲಿ, ನಮ್ಮ ಊರಬಾಗಿಲಿನ ಕಟ್ಟೆಯ ಮರದ ದಾಯಾದಿಯ ಕೆಳಗೆ ನಿಮ್ಮ ಸೈಕಲ್ಲನ್ನು ಒರಗಿಸಿರುತ್ತೀರಿ. ಹತ್ತಿರದಲ್ಲಿಯೇ ಖರ್ಜೂರ ಹಾಕಿ ಬೇಯಿಸಿದ ರೊಟ್ಟಿ ಮಾರುತ್ತಿರುತ್ತಾರೆ. ಹಸಿದವನಿಗೆ ಅದರ ರುಚಿಯನ್ನು ವರ್ಣಿಸಿ ಹೇಳಬೇಕಾಗಿಲ್ಲ.

ಈಗ ತಲೆಯೆತ್ತಿ ನೋಡಿರಿ. ಚೌಕದ ಒಂದು ಪಕ್ಕದಲ್ಲಿ, ಈ ಪುಟ್ಟ ಹಳ್ಳಿಗೆ ಹೊಂದದಷ್ಟು ಘನವಾದ ಇಗರ್ಜಿ ನಿಂತಿದೆ. ಗೋಡೆಗಳು ಲಾವಾ ಕಲ್ಲಿನವು. ಅವುಗಳ ದಪ್ಪ ಸುಮಾರು ಒಂದೂಕಾಲು ಮೀಟರ್. ಹೊರಗೆ ಬಿಸಿಲು ಎಷ್ಟೇ ಸುಡುತ್ತಿರಲಿ, ಒಳಗೆ ಕಾಲಿಟ್ಟರೆ ನೆಲಮಾಳಿಗೆಯ ತಂಪು. ಮುಂಬಾಗಿಲಿನ ಸುತ್ತ ಕಲ್ಲಿನ ಕೆತ್ತನೆ, ಗೂಡುಗಳಲ್ಲಿ ಸಂತರ ಮೂರ್ತಿಗಳು. ಒಳಗೆ ಚಿನ್ನದ ಲೇಪ ಹೊತ್ತ ಮರದ ಪೀಠ. ಅದರ ನಡುವೆ ಊರಿಗೆ ಹೆಸರು ಕೊಟ್ಟ ಲೊಯೋಲಾದ ಸಂತ ಇಗ್ನೇಷಿಯಸ್, ಸುತ್ತಲೂ ತೈಲವರ್ಣದ ಚಿತ್ರಗಳು. ಹತ್ತಿರದಲ್ಲಿ ಬಂದರಿಲ್ಲ, ಪಟ್ಟಣವಿಲ್ಲ. ಇಷ್ಟು ಕಲ್ಲನ್ನು ಇಲ್ಲಿ ಎತ್ತಿ ನಿಲ್ಲಿಸಿದವರು ಯಾರು?

ಇದಕ್ಕೆ ಉತ್ತರವಾಗಿ ಸ್ವಲ್ಪ ಚರಿತ್ರೆ. ಲೊಯೋಲಾದ ಇಗ್ನೇಷಿಯಸ್ ಸ್ಥಾಪಿಸಿದ ಯೇಸುಸಭೆಗೆ ೧೫೪೦ರಲ್ಲಿ ಪೋಪರ ಒಪ್ಪಿಗೆ ದೊರೆಯಿತು. ಅವರ ಆಪ್ತ ಸಂಗಾತಿ ಫ್ರಾನ್ಸಿಸ್ ಝೇವಿಯರ್ ೧೫೪೨ರಲ್ಲಿ ಗೋವೆಗೆ ಬಂದಿಳಿದರು. ಅವರ ದೇಹ ಇಂದಿಗೂ ಅಲ್ಲಿದೆ. ನಮ್ಮ ಕರಾವಳಿಯವರಲ್ಲಿ ಹಲವರು ಅದರ ದರ್ಶನಕ್ಕೆ ಹೋಗಿ ಬಂದವರೇ. ಅದೇ ಸಭೆಯ ಪಾದ್ರಿಗಳು ೧೬೯೭ರಲ್ಲಿ ಬಾಹಾದ ಲೊರೆಟೊದಲ್ಲಿ ನೆಲೆಯೂರಿದರು. ಒಂದು ಹಳ್ಳಿಗೆ ಗುರು ಇಗ್ನೇಷಿಯಸ್ಸರ ಹೆಸರನ್ನಿಟ್ಟಂತೆ, ದಕ್ಷಿಣದ ಬೆಟ್ಟದ ನಡುವೆ ಇನ್ನೊಂದಕ್ಕೆ ಝೇವಿಯರರ ಹೆಸರನ್ನಿಟ್ಟರು. ಗೋವೆಯಲ್ಲಿ ಮಲಗಿರುವವರ ಹೆಸರು ಹೀಗೆ ಮೆಕ್ಸಿಕೋದ ಮರುಭೂಮಿಯಲ್ಲಿಯೂ ಒಂದು ಊರಾಗಿ ನಿಂತಿದೆ.

ಪಿಕ್ಕೊಲೊ ಎಂಬ ಪಾದ್ರಿ ಈ ನೀರಿನ ತಾವನ್ನು ೧೭೧೬ರಲ್ಲಿ ಕಂಡರು. ಲುಯಾಂಡೊ ಎಂಬವರು ೧೭೨೮ರಲ್ಲಿ ಇಲ್ಲಿ ಮಿಷನ್ ಆರಂಭಿಸಿದರು. ಅದರ ಖರ್ಚಿಗೆ ತಮ್ಮ ಪಿತ್ರಾರ್ಜಿತ ಹಣವನ್ನೇ ಕೊಟ್ಟರು. ಅವರ ನಂತರ ಬಂದವರಲ್ಲಿ ಕ್ರೊಯೇಷಿಯಾದ ಕೊನ್ಸಾಗ್ ಪ್ರಸಿದ್ಧರು. ಕ್ಯಾಲಿಫೋರ್ನಿಯಾ ಒಂದು ದ್ವೀಪವೆಂದು ಯೂರೋಪಿನ ಭೂಪಟಗಳು ಬಹುಕಾಲ ಬರೆದುಕೊಂಡು ಬಂದಿದ್ದವು. ಅದು ತಪ್ಪೆಂದು ಅವರಿಗಿಂತ ಹಿಂದೆಯೇ ವಾದಿಸಿದವರಿದ್ದರು. ಕೊನ್ಸಾಗ್ ೧೭೪೬ರಲ್ಲಿ ದೋಣಿಗಳಲ್ಲಿ ಕೊಲ್ಲಿಯ ತುದಿಯವರೆಗೆ ಹೋಗಿ, ಕೊಲೊರಾಡೊ ನದಿಯ ಮುಖವನ್ನು ಕಂಡು, ಅದು ಮುಖ್ಯ ಭೂಮಿಗೆ ಅಂಟಿಕೊಂಡಿದೆಯೆಂದು ಖಚಿತಪಡಿಸಿದರು. ಅಂಥವರು ವಾಸವಾಗಿದ್ದುದು ಈ ಖರ್ಜೂರದ ನೆರಳಿನಲ್ಲಿ. ೧೭೬೭ರಲ್ಲಿ ಸ್ಪೇನಿನ ದೊರೆ ಯೇಸುಸಭೆಯವರನ್ನು ತನ್ನ ರಾಜ್ಯದಿಂದಲೇ ಹೊರಹಾಕಿದ; ಮರುವರ್ಷ ಅವರು ಬಾಹಾವನ್ನು ಬಿಟ್ಟರು. ಆಮೇಲೆ ಫ್ರಾನ್ಸಿಸ್ಕನ್ನರು, ಅನಂತರ ಡೊಮಿನಿಕನ್ನರು ಬಂದರು. ನೀವೀಗ ನೋಡುತ್ತಿರುವ ಕಟ್ಟಡವನ್ನು ಡೊಮಿನಿಕನ್ ಪಾದ್ರಿ ಗೋಮೆಸ್ ೧೭೮೬ರಲ್ಲಿ ಪೂರ್ತಿ ಮಾಡಿಸಿದರು.

ಪಾದ್ರಿಗಳ ಹೆಸರುಗಳು ಸಿಕ್ಕಿದವು. ಕಲ್ಲು ಹೊತ್ತವರ ಹೆಸರು? ಅವರು ಕೊಚಿಮಿ ಜನ.

ಪಾದ್ರಿಗಳು ಬರುವುದಕ್ಕೆ ಎಷ್ಟೋ ಕಾಲ ಮೊದಲೇ ಈ ಮರುಭೂಮಿ ಕೊಚಿಮಿಗಳ ಮನೆಯಾಗಿತ್ತು. ಅವರು ಹೊಲ ಉಳುತ್ತಿರಲಿಲ್ಲ, ಊರು ಕಟ್ಟುತ್ತಿರಲಿಲ್ಲ. ಸಣ್ಣ ಸಣ್ಣ ಗುಂಪುಗಳಲ್ಲಿ ನೀರಿನಿಂದ ನೀರಿಗೆ ನಡೆಯುತ್ತ, ಬೇಟೆಯಾಡಿ, ಕತ್ತಾಳೆಯ ಬುಡವನ್ನು ಸುಟ್ಟು ತಿಂದು, ಪಿತಾಯಾ ಕಳ್ಳಿಯ ಹಣ್ಣಾಗುವ ಕಾಲದಲ್ಲಿ ಒಟ್ಟುಗೂಡಿ ಹಬ್ಬ ಮಾಡುತ್ತಿದ್ದರು. ಈ ಜಾಗಕ್ಕೆ ಅವರು ಇಟ್ಟ ಹೆಸರು ಕಡಕಾಮಾನ್. ಅದರ ಅರ್ಥ ಜೊಂಡಿನ ಹಳ್ಳ. ನಮ್ಮ ಕಡೆ ಹುಣಸೇಕಟ್ಟೆ, ನೇರಳಕೆರೆ ಎನ್ನುವಂತೆಯೇ ನೋಡಿರಿ. ನೀರನ್ನೂ ನೀರಿನ ಅಂಚಿನ ಗಿಡವನ್ನೂ ಒಟ್ಟಿಗೆ ಸೇರಿಸಿ ಇಟ್ಟ ಹೆಸರು.

ಪಾದ್ರಿಗಳು ಅವರ ಭಾಷೆಯನ್ನು ಕಲಿತರು. ಕಾಲುವೆ ತೋಡಿಸಿದರು; ಖರ್ಜೂರ, ದ್ರಾಕ್ಷಿ, ಅಂಜೂರಗಳನ್ನು ತಂದು ನೆಡಿಸಿದರು. ಅಲೆಯುವ ಜನ ಒಂದೆಡೆ ನಿಂತು ಉತ್ತು ಬಿತ್ತಿ, ಪ್ರಾರ್ಥಿಸಿ ಬಾಳಬೇಕೆಂದು ಅವರ ಬಯಕೆ. ಅವರಲ್ಲಿ ಹಲವರು ಸ್ವಂತ ಸುಖವನ್ನು ಬಿಟ್ಟು ಬಂದು ಇಲ್ಲಿಯೇ ಸತ್ತವರು. ಕೆಟ್ಟ ಮನಸ್ಸಿನಿಂದ ಬಂದರೆಂದು ಹೇಳುವುದು ಸಲ್ಲದು. ಆದರೆ ಅವರೊಡನೆ, ಅವರಿಗೇ ಅರಿವಿಲ್ಲದೆ, ಸಿಡುಬು ದಡಾರಗಳೂ ಬಂದವು. ಈ ರೋಗಗಳನ್ನು ಎಂದೂ ಕಾಣದ ಜನಕ್ಕೆ ಅವನ್ನು ತಡೆಯುವ ಶಕ್ತಿ ಮೈಯಲ್ಲಿರಲಿಲ್ಲ. ಹಿಂದಿನಂತೆ ಚದುರಿ ಬಾಳುತ್ತಿದ್ದರೆ ರೋಗವೂ ಚದುರಿ ಹೋಗುತ್ತಿತ್ತೇನೋ. ಇಗರ್ಜಿಯ ಗಂಟೆಗೆ ಎಲ್ಲರೂ ಒಂದೆಡೆ ಸೇರುತ್ತಿದ್ದುದರಿಂದ ಅದು ಒಬ್ಬರಿಂದೊಬ್ಬರಿಗೆ ಸಲೀಸಾಗಿ ದಾಟಿತು. ಪಾದ್ರಿಗಳು ಬರುವ ಕಾಲಕ್ಕೆ ಇಡೀ ಪರ್ಯಾಯ ದ್ವೀಪದಲ್ಲಿ ೪೦,೦೦೦ದಿಂದ ೫೦,೦೦೦ ಮೂಲನಿವಾಸಿಗಳಿದ್ದರೆಂದು ವಿದ್ವಾಂಸರ ಅಂದಾಜು. ಯೇಸುಸಭೆಯವರು ಹೊರಟುಹೋದ ೧೭೬೮ರ ಹೊತ್ತಿಗೆ ಉಳಿದಿದ್ದವರು ಸುಮಾರು ೭,೦೦೦. ಆ ಮೇಲೂ ಇಳಿತ ನಿಲ್ಲಲಿಲ್ಲ. ಇಗರ್ಜಿಯ ಗೋಡೆ ಮೇಲೇರುತ್ತ ಹೋದಂತೆ, ಅದರೊಳಗೆ ಬಂದು ನಿಲ್ಲುವ ಜನ ಕಡಿಮೆಯಾಗುತ್ತ ಹೋದರು. ೧೮೪೦ರಲ್ಲಿ ಮಿಷನ್ ಮುಗಿಯಿತು. ಇಗರ್ಜಿ ಮಾತ್ರ ಇಂದಿಗೂ ಊರಿನವರ ಪೂಜೆಯ ಸ್ಥಳವಾಗಿ ಉಳಿದಿದೆ.

ಆ ಕಟ್ಟಡವನ್ನು ಕಂಡು 'ಎಷ್ಟು ಸುಂದರ' ಎನ್ನುವುದು ತಪ್ಪಲ್ಲ. ಅದು ನಿಜವಾಗಿಯೂ ಸುಂದರ. ಆದರೆ ಅಲ್ಲಿಗೇ ನಿಲ್ಲಿಸಬೇಡಿರೆಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಗೋಡೆಯ ಒಂದು ಕಲ್ಲಿನ ಮೇಲೆ ಕೈಯಿಡಿರಿ. ಅದನ್ನು ಹೊತ್ತು ತಂದ ಕೈಯೊಂದಿತ್ತು. ಆ ಕೈಯವನು ಮಗುವನ್ನು ಕರೆಯುತ್ತಿದ್ದ ಭಾಷೆಯೊಂದಿತ್ತು. ಕಲ್ಲು ಉಳಿಯಿತು, ಭಾಷೆ ಉಳಿಯಲಿಲ್ಲ. ಕೊಚಿಮಿಯನ್ನು ಇಂದು ಆಡುವವರಿಲ್ಲ. ಪಾದ್ರಿಗಳು ಬರೆದಿಟ್ಟ ಪ್ರಾರ್ಥನೆಗಳು, ಕೆಲವು ಪದಗಳು, ಊರಿನ ಹೆಸರುಗಳು, ಇಷ್ಟೇ ಅದರ ಸಾಹಿತ್ಯ. ಆ ಜನರ ರಕ್ತ ಇಂದಿನ ಮನೆತನಗಳಲ್ಲಿ ಸೇರಿಹೋಗಿರಬಹುದು. ಅವರ ಮಾತು ಸೇರಲಿಲ್ಲ.

ಕನ್ನಡಿಗರಾದ ನಾವು ಇದನ್ನು ಕೇಳಿ ಸುಮ್ಮನಿರಲಾರೆವು. ನಮ್ಮ ನಾಡಿಗೂ ಮಿಷನರಿಗಳು ಬಂದರು. ಬಾಸೆಲ್ ಮಿಷನ್ನಿನ ಕಿಟ್ಟೆಲ್ಲರು ೧೮೯೪ರಲ್ಲಿ ಕನ್ನಡದ ದೊಡ್ಡ ನಿಘಂಟನ್ನು ಪ್ರಕಟಿಸಿದರು. ಅದನ್ನು ಇಂದಿಗೂ ತೆರೆದು ನೋಡುತ್ತೇವೆ. ಬಾಹಾದ ಪಾದ್ರಿಗಳಲ್ಲಿಯೂ ಭಾಷೆಯನ್ನು ಕಲಿತು ಬರೆದಿಟ್ಟವರಿದ್ದರು. ವ್ಯತ್ಯಾಸ ಬರೆದವರಲ್ಲಿರಲಿಲ್ಲ. ಇಲ್ಲಿ ನಿಘಂಟಿನ ಮಾತನ್ನು ಹಿಡಿದು ಜಗಳವಾಡುವುದಕ್ಕೂ ಹಾಡುವುದಕ್ಕೂ ಲಕ್ಷಾಂತರ ಜನರಿದ್ದರು. ಅಲ್ಲಿ ಬರೆಯುವವನ ಲೇಖನಿಯ ಮಸಿ ಒಣಗುವ ಮೊದಲೇ ಮಾತಾಡುವವರು ಮಣ್ಣು ಸೇರುತ್ತಿದ್ದರು. ಭಾಷೆಯನ್ನು ಪುಸ್ತಕ ಕಾಪಾಡೀತೆಂದು ನಂಬುವವರು ಈ ಹಳ್ಳಿಯನ್ನು ಒಮ್ಮೆ ನೋಡಬೇಕು.

ಇಗರ್ಜಿಯ ಪಕ್ಕದಲ್ಲಿಯೇ ಒಂದು ಪುಟ್ಟ ವಸ್ತುಸಂಗ್ರಹಾಲಯವಿದೆ. ಉತ್ತರಕ್ಕಿರುವ ಸಾನ್ ಫ್ರಾನ್ಸಿಸ್ಕೊ ಬೆಟ್ಟಗಳ ಗುಹಾಚಿತ್ರಗಳ ಪರಿಚಯ ಅಲ್ಲಿ ದೊರೆಯುತ್ತದೆ. ಆಳೆತ್ತರವನ್ನೂ ಮೀರಿದ ಮನುಷ್ಯಾಕೃತಿಗಳು, ಜಿಂಕೆ, ಕಾಡುಕುರಿ, ತಿಮಿಂಗಿಲ. ಕೆಂಪಿನಲ್ಲಿ, ಕಪ್ಪಿನಲ್ಲಿ, ಕೆಲವು ಅರ್ಧ ಕೆಂಪು ಅರ್ಧ ಕಪ್ಪಿನಲ್ಲಿ. ಸಾವಿರಾರು ವರ್ಷಗಳ ಹಿಂದಿನಿಂದ ಬಂದ ಈ ಚಿತ್ರಗಳನ್ನು ೧೯೯೩ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಲಾಯಿತು. ಇವನ್ನು ಬರೆದವರಾರೆಂದು ಪಾದ್ರಿಗಳು ಕೇಳಿದಾಗ, ಹಿಂದೆ ಇಲ್ಲಿದ್ದ ದೈತ್ಯರು ಬರೆದರೆಂದು ಕೊಚಿಮಿಗಳು ಹೇಳಿದರಂತೆ. ತಮಗಿಂತ ಮೊದಲು ಇಲ್ಲಿ ಬಾಳಿದವರಿದ್ದರೆಂಬ ಅರಿವು ಅವರಿಗಿತ್ತು. ಆ ಗುಹೆಗಳಿಗೆ ಹೇಸರಗತ್ತೆಯ ಮೇಲೆ, ಮಾರ್ಗದರ್ಶಿಯ ಜೊತೆಯಲ್ಲಿ ಹೋಗಬೇಕು; ಸೈಕಲ್ಲು ಕೆಳಗೇ ಉಳಿಯಬೇಕು. ಪಶ್ಚಿಮದ ಹಿನ್ನೀರಿಗೆ ಚಳಿಗಾಲದಲ್ಲಿ ಬೂದು ತಿಮಿಂಗಿಲಗಳು ಮರಿಹಾಕಲು ಬರುವುದೂ ಒಂದು ಸೊಗಸು, ಆದರೆ ಅದು ಬೇರೊಂದು ಭಾಷಣಕ್ಕೆ ತಕ್ಕ ವಿಷಯ.

ಊರು ಬಿಡುವ ಮುನ್ನ ನೀವು ಮಾಡಬೇಕಾದ ಕೆಲಸವೊಂದಿದೆ: ನೀರು ತುಂಬಿಕೊಳ್ಳುವುದು. ಶುದ್ಧಮಾಡಿದ ಕುಡಿಯುವ ನೀರನ್ನು ಅಳೆದು ಮಾರುವ ಅಂಗಡಿಗಳು ಬಾಹಾದ ಊರುಗಳಲ್ಲಿರುತ್ತವೆ. ಕಾಸು ಕೊಟ್ಟು ತುಂಬಿಸಿಕೊಳ್ಳಿರಿ, ಚೆಲ್ಲದಿರಿ. ಇಲ್ಲಿನ ಚರಿತ್ರೆಯೆಲ್ಲ ಈ ನೀರಿನದೇ. ಕೊಚಿಮಿಗಳು ಇದನ್ನು ಹುಡುಕಿ ಬಂದು ಹೆಸರಿಟ್ಟರು. ಪಾದ್ರಿಗಳು ಇದನ್ನು ನಂಬಿ ಇಗರ್ಜಿ ಕಟ್ಟಿಸಿದರು. ಅವರು ನೆಡಿಸಿದ ಖರ್ಜೂರದ ಸಂತತಿ ಇದನ್ನು ಕುಡಿದೇ ಇಂದಿನವರಿಗೆ ಹಣ್ಣು ಕೊಡುತ್ತಿದೆ. ಈಗ ಅದರಲ್ಲಿ ಹತ್ತು ಲೀಟರ್ ನಿಮ್ಮ ಪಾಲಿಗೆ ಬಂದಿದೆ.

ಮುಂದಿನ ದಾರಿ ಪೂರ್ವಕ್ಕೆ. 'ಮೂವರು ಕನ್ಯೆಯರು' ಎಂಬ ಜ್ವಾಲಾಮುಖಿ ಶಿಖರಗಳ ಬುಡದಲ್ಲಿ ಸಾಗಿ, 'ನರಕದ ಇಳಿಜಾರು' ಎಂಬ ತಿರುವುಗಳಲ್ಲಿ ಬ್ರೇಕನ್ನು ಬಿಗಿಹಿಡಿದು ಇಳಿದರೆ, ಸುಮಾರು ೭೫ ಕಿಲೋಮೀಟರಿಗೆ ಕೊಲ್ಲಿಯ ದಡದ ಸಾಂತಾ ರೊಸಾಲಿಯಾ ಪಟ್ಟಣ. ಹೊರಟ ಸ್ವಲ್ಪ ಹೊತ್ತಿನಲ್ಲಿಯೇ ಹಸಿರು ಹಿಂದೆ ಬಿದ್ದು, ಮತ್ತೆ ಕಳ್ಳಿ, ಮತ್ತೆ ಬೂದುಗಲ್ಲು.

ನಮ್ಮಲ್ಲಿ ಎಷ್ಟು ಜನ ಅಲ್ಲಿಗೆ ಹೋದೇವು? ಬಹಳ ಮಂದಿ ಹೋಗಲಾರೆವು. ಆದರೂ ಅಲ್ಲಿಗೆ ಹೋಗದೆಯೇ ಮಾಡಬಹುದಾದ ಸಣ್ಣದೊಂದು ಕೆಲಸವುಂಟು. ಭೂಪಟದಲ್ಲಿ ದೊಡ್ಡಕ್ಷರದಲ್ಲಿರುವುದು ಸಂತನ ಹೆಸರು. ಅದರ ಜೊತೆಗಿರುವ ಹಳೆಯ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿರಿ: ಕಡಕಾಮಾನ್. ಆಡುವವರಿಲ್ಲದ ಭಾಷೆಯ ಮಾತೊಂದು ಕನ್ನಡದ ನಾಲಿಗೆಯ ಮೇಲೆ ಅಷ್ಟು ಹೊತ್ತು ಇದ್ದುಹೋಗಲಿ.